ದಾರಿಯ ಗೆರೆ ಸರಿ, ಹಾರಾಟ ಮಾತ್ರ ತಪ್ಪು: ಜಿಪಿಎಸ್ ಇಲ್ಲದ ಡ್ರೋನ್ ಸುತ್ತು ಹಾಕುವುದೇಕೆ?

ಪ್ರಶ್ನೆ: ನಾವು ಉತ್ತರ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜೊಂದರ ಅಂತಿಮ ವರ್ಷದ ಐವರು ವಿದ್ಯಾರ್ಥಿಗಳು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ ತನ್ನ 2025ರ ರೊಬೋಟಿಕ್ಸ್ ಸ್ಪರ್ಧೆಗೆ ಜಿಪಿಎಸ್ ಇಲ್ಲದೆ ಹಾರುವ ಡ್ರೋನ್ ವಿಷಯ ಕೊಟ್ಟಿದ್ದನ್ನು ನೋಡಿ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡೆವು. 450 ಮಿ.ಮೀ. ಫ್ರೇಮ್, 10 ಇಂಚಿನ ಪ್ರೊಪೆಲ್ಲರ್, ಒಟ್ಟು ತೂಕ 1.6 ಕೆ.ಜಿ. ಹಾರಾಟ ನಿಯಂತ್ರಿಸುವ ಪಿಕ್ಸ್‌ಹಾಕ್ ಬೋರ್ಡಿನಲ್ಲಿ ಪಿಎಕ್ಸ್4 ಸಾಫ್ಟ್‌ವೇರ್, ಜೊತೆಗೆ 8 ಜಿಬಿಯ ಸಣ್ಣ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, ರಿಯಲ್‌ಸೆನ್ಸ್ ಡಿ435ಐ ಕ್ಯಾಮೆರಾ, ಚಿತ್ರ ನೋಡಿ ಸ್ಥಾನ ಲೆಕ್ಕ ಹಾಕುವ ವಿನ್ಸ್-ಫ್ಯೂಷನ್ ಸಾಫ್ಟ್‌ವೇರ್. ಅದರ ಉತ್ತರವನ್ನು ನಮ್ಮದೇ ಪೈಥಾನ್ ಸ್ಕ್ರಿಪ್ಟ್ ಮಾವ್‌ರೋಸ್ ಎಂಬ ಸಂದೇಶ ಸೇತುವೆಯ ಮೂಲಕ ಪಿಕ್ಸ್‌ಹಾಕ್‌ಗೆ ಕಳಿಸುತ್ತದೆ. ಹೊರಗೆ ಜಿಪಿಎಸ್ ಜೊತೆ ಹಾರಿಸಿದರೆ ಕದಲದೆ ನಿಲ್ಲುತ್ತದೆ. ಸಭಾಂಗಣದಲ್ಲಿ ಕೈಯಲ್ಲಿ ಹಿಡಿದು ಓಡಾಡಿದರೆ ಪರದೆಯ ಮೇಲೆ ದಾರಿಯ ಗೆರೆ ಚೆನ್ನಾಗಿ ಮೂಡುತ್ತದೆ, ಹೊರಟ ಜಾಗಕ್ಕೆ ಒಂದು ಗೇಣಿನೊಳಗೆ ಬಂದು ಸೇರುತ್ತದೆ. ಆದರೆ ಒಳಗೆ ಹಾರಿಸಿದಾಗ ಮೊದಲ 20 ಸೆಕೆಂಡು ಸರಿಯಾಗಿದ್ದು, ಆಮೇಲೆ ನಿಧಾನಕ್ಕೆ ಸುತ್ತು ಹಾಕತೊಡಗುತ್ತದೆ. ಸುತ್ತು ದೊಡ್ಡದಾಗುತ್ತಾ ಹೋಗಿ ಒಮ್ಮೆ ಗೋಡೆಗೆ ಬಡಿಯಿತು. ಪ್ರತಿ ಸಲ ಹಾರಿಸುವ ಮುನ್ನ ವಿನ್ಸ್ ಅನ್ನು ಹೊಸದಾಗಿ ಚಾಲೂ ಮಾಡುತ್ತೇವೆ. ಸೀನಿಯರ್‌ಗಳು ಪಿಐಡಿ (ತಪ್ಪನ್ನು ನೋಡಿ ಮೋಟರ್ ತಿದ್ದುವ ಲೆಕ್ಕ) ಟ್ಯೂನ್ ಮಾಡಿ ಅನ್ನುತ್ತಾರೆ, ಗೈಡ್ ಸರ್ ಲೈಡಾರ್ (ಲೇಸರ್‌ನಿಂದ ದೂರ ಅಳೆಯುವ ಉಪಕರಣ) ಬೇಕು ಅನ್ನುತ್ತಾರೆ. ವಿದೇಶಿ ವಿಶ್ವವಿದ್ಯಾಲಯಗಳ ವಿಡಿಯೊಗಳಲ್ಲಿ ನೋಡಿದರೆ ಗೋಡೆ ತುಂಬ ಚಲನೆಯನ್ನು ಹೊರಗಿನಿಂದ ಅಳೆಯುವ ಮೋಷನ್ ಕ್ಯಾಪ್ಚರ್ ಕ್ಯಾಮೆರಾಗಳಿವೆ. ನಮ್ಮ ಬಳಿ ಉಳಿದಿರುವುದು 40,000 ರೂಪಾಯಿ, ನಾಲ್ಕು ತಿಂಗಳು. ಇದು ನಮ್ಮಂಥ ಕಾಲೇಜಿನ ಕೈಗೆ ಮೀರಿದ ಕೆಲಸವೇ?

ಉತ್ತರ: ಕೈಗೆ ಮೀರಿದ ಕೆಲಸವಲ್ಲ. ನೀವು ಕೊಟ್ಟಿರುವ ಪಟ್ಟಿಯಲ್ಲಿ ತೀರಾ ಕಡಿಮೆ ಬಿದ್ದಿರುವ ಭಾಗ ಒಂದೂ ಇಲ್ಲ. ಪೈ 4 ಮಾತ್ರ ಅಂಚಿನಲ್ಲಿದೆ, ಅದರ ಮಾತು ಮುಂದೆ ಬರುತ್ತದೆ. ನಿಮ್ಮ ವಿವರಣೆಯಲ್ಲಿ ಮೂರು ಸುಳಿವುಗಳಿವೆ: ಕೈಯಲ್ಲಿ ಹಿಡಿದಾಗ ಗೆರೆ ಸರಿ ಇರುವುದು, ಹಾರಿದಾಗ ಮೊದಲ 20 ಸೆಕೆಂಡು ಸರಿ ಇರುವುದು, ಆಮೇಲೆ ನಿಧಾನವಾದ ಸುತ್ತು ಬೆಳೆಯುವುದು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅನುಮಾನ ಹೋಗುವುದು ಪಿಐಡಿಯ ಮೇಲೂ ಅಲ್ಲ, ಕ್ಯಾಮೆರಾದ ಮೇಲೂ ಅಲ್ಲ. ಸ್ಥಾನದ ಮಾಹಿತಿ ಪಿಕ್ಸ್‌ಹಾಕ್‌ಗೆ ಎಷ್ಟು ಹಳತಾಗಿ ತಲುಪುತ್ತಿದೆ ಎನ್ನುವುದರ ಮೇಲೆ. ಪರದೆಯ ಮೇಲಿನ ಗೆರೆ ಆಕಾರವನ್ನಷ್ಟೇ ತೋರಿಸುತ್ತದೆ. ಅದು ಅರ್ಧ ಸೆಕೆಂಡು ತಡವಾಗಿ ಮೂಡಿದರೂ ಆಕಾರ ಅದೇ, ಹೊರಟ ಜಾಗಕ್ಕೆ ಬಂದು ಸೇರುವುದೂ ಹಾಗೆಯೇ. ಹಾರಾಟದಲ್ಲಿ ಅದೇ ಅರ್ಧ ಸೆಕೆಂಡು ಡ್ರೋನನ್ನು ಗೋಡೆಗೆ ಒಯ್ಯುತ್ತದೆ.

ಪಿಐಡಿ ಯಾಕಲ್ಲ

ಒಳಗಿನ ದರ ಮತ್ತು ಕೋನದ ಲೂಪ್‌ಗಳು (ಅಳತೆ ನೋಡಿ ಮತ್ತೆ ಮತ್ತೆ ತಿದ್ದುವ ಚಕ್ರಗಳು) ಕೆಟ್ಟಿದ್ದರೆ ಡ್ರೋನ್ ಸೆಕೆಂಡಿಗೆ ಹಲವು ಸಲ ನಡುಗುತ್ತದೆ, ಮೋಟರ್ ಬಿಸಿಯಾಗುತ್ತದೆ, ಹೊರಗಿನ ಮೈದಾನದಲ್ಲೂ ನಡುಕ ಕಾಣುತ್ತದೆ. ನಿಮ್ಮದು ಹೊರಗೆ ಕದಲದೆ ನಿಲ್ಲುತ್ತದೆ. ಅದೇ ಸ್ಥಾನದ ಲೂಪ್, ಅದೇ ಗೇನ್‌ಗಳು, ಒಳಗೆ ಬಂದಾಗ ಮಾತ್ರ ಕೆಡುತ್ತಿವೆ ಎಂದರೆ ಬದಲಾದದ್ದು ಲೂಪ್‌ಗೆ ಬರುವ ಅಳತೆ. ಈಗ ಪಿಐಡಿ ತಿರುಚಿದರೆ ಸುತ್ತು ಸ್ವಲ್ಪ ತಡವಾಗಿ ಶುರುವಾಗಬಹುದು, ಕಾಯಿಲೆ ಒಳಗೇ ಉಳಿಯುತ್ತದೆ.

ಸುತ್ತು ಯಾಕೆ ಹುಟ್ಟುತ್ತದೆ ಎನ್ನುವುದಕ್ಕೆ ಲೆಕ್ಕ ಇದೆ. ನಿಯಂತ್ರಣದ ಲೂಪ್‌ಗೆ ಹಂತದ ಅಂಚು, ಅಂದರೆ ಫೇಸ್ ಮಾರ್ಜಿನ್ (ಓಲಾಟ ಶುರುವಾಗುವ ಮುನ್ನ ಲೂಪ್ ತಡೆದುಕೊಳ್ಳುವ ಹಿಂದುಳಿಕೆ), ಸಾಮಾನ್ಯವಾಗಿ 45ರಿಂದ 60 ಡಿಗ್ರಿ ಇರುತ್ತದೆ. ವಿಳಂಬ ಅದನ್ನು ತಿನ್ನುತ್ತದೆ, ಹೆಡಿಂಗ್, ಅಂದರೆ ಡ್ರೋನಿನ ಮೂತಿ ಇರುವ ದಿಕ್ಕಿನ ತಪ್ಪು ಕೂಡ ಅದನ್ನೇ ತಿನ್ನುತ್ತದೆ. ಎರಡೂ ಒಂದೇ ಜೇಬಿನ ದುಡ್ಡು ಖರ್ಚು ಮಾಡುತ್ತವೆ. ವೇಗದ ಲೂಪ್ ಸೆಕೆಂಡಿಗೆ 4 ರೇಡಿಯನ್ ಸುತ್ತಮುತ್ತ ಕೆಲಸ ಮಾಡುತ್ತಿದ್ದರೆ, 100 ಮಿಲಿಸೆಕೆಂಡ್ ವಿಳಂಬಕ್ಕೆ 0.4 ರೇಡಿಯನ್, ಅಂದರೆ 23 ಡಿಗ್ರಿ ಹೋಯಿತು. 150 ಮಿಲಿಸೆಕೆಂಡ್ ಆದರೆ 34 ಡಿಗ್ರಿ. ಅದರ ಮೇಲೆ ಹೆಡಿಂಗ್ 20 ಡಿಗ್ರಿ ತಪ್ಪಿದ್ದರೆ ಆ 20 ಡಿಗ್ರಿಯೂ ನೇರವಾಗಿ ಕಳೆದುಹೋಗುತ್ತದೆ. ಒಟ್ಟು 54. ಇನ್ನು ಉಳಿಯುವುದೇನು?

ಇಬ್ಬರಲ್ಲಿ ತಪ್ಪಿತಸ್ಥ ಯಾರು ಎಂದು ತಿಳಿಯಲು ಸುಲಭದ ದಾರಿ ಇದೆ. ಹಳೆಯ ಲಾಗ್‌ಗಳನ್ನು ತೆಗೆದು, ಸುತ್ತು ಯಾವ ಕಡೆಗೆ ತಿರುಗಿದೆ ನೋಡಿ. ಎಲ್ಲ ಹಾರಾಟಗಳಲ್ಲೂ ಒಂದೇ ಕಡೆಗೆ ತಿರುಗಿದ್ದರೆ ಹೆಡಿಂಗ್ ತಪ್ಪು ಮುಖ್ಯ ಕಾರಣ, ಯಾಕೆಂದರೆ ಕೋನದ ತಪ್ಪಿಗೆ ಎಡ-ಬಲ ಇದೆ. ವಿಳಂಬಕ್ಕೆ ಎಡ-ಬಲ ಇಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಉದ್ದನೆಯ ಮೊಟ್ಟೆಯಾಕಾರದಲ್ಲಿ ಹಿಂದೆ ಮುಂದೆ ಓಲಾಡಿದ್ದರೆ ವಿಳಂಬ.

20 ಸೆಕೆಂಡಿನ ಗುಟ್ಟು

ವಿನ್ಸ್-ಫ್ಯೂಷನ್ ಪ್ರತಿ ಚಿತ್ರದಲ್ಲಿ ಗುರುತುಗಳನ್ನು ಹುಡುಕಿ, ಹಿಂದಿನ ಚಿತ್ರದೊಂದಿಗೆ ಹೊಂದಿಸಿ, ಐಎಂಯು (ತಿರುಗುವಿಕೆ ಮತ್ತು ವೇಗೋತ್ಕರ್ಷ ಅಳೆಯುವ ಸೆನ್ಸರ್) ಅಳತೆಯೊಂದಿಗೆ ಸೇರಿಸಿ ಲೆಕ್ಕ ಬಿಡಿಸುತ್ತದೆ. ಸೆಕೆಂಡಿಗೆ 15 ಚಿತ್ರಗಳ ಲೆಕ್ಕ ಮಾಡಬೇಕಿದ್ದರೆ ಒಂದೊಂದಕ್ಕೆ 67 ಮಿಲಿಸೆಕೆಂಡ್ ಸಿಗುತ್ತದೆ. ಪೈ 4ಕ್ಕೆ 69 ಮಿಲಿಸೆಕೆಂಡ್ ಬೇಕಾಯಿತು ಎಂದುಕೊಳ್ಳಿ. ಮಿಕ್ಕ 2 ಮಿಲಿಸೆಕೆಂಡ್ ಬಾಕಿ ಸಾಲಿನಲ್ಲಿ ಕೂರುತ್ತದೆ. 2 ಗುಣಿಸು 15 ಗುಣಿಸು 20: ಇಪ್ಪತ್ತು ಸೆಕೆಂಡಿನಲ್ಲಿ 600 ಮಿಲಿಸೆಕೆಂಡ್ ಬಾಕಿ. ಡ್ರೋನ್ ನೆಲದ ಮೇಲೆ ಅಲ್ಲಾಡದೆ ಕೂತಿದ್ದಾಗ ಲೆಕ್ಕ ಬೇಗ ಬಗೆಹರಿಯುತ್ತದೆ, ಆಗ ಬಾಕಿ ಇಲ್ಲ. ಮೇಲೆದ್ದ ಮೇಲೆ ಗುರುತುಗಳು ಓಡತೊಡಗುತ್ತವೆ, ಕೆಲಸ ಹೆಚ್ಚುತ್ತದೆ, ಬಾಕಿ ಬೆಳೆಯತೊಡಗುತ್ತದೆ. ಪ್ರತಿ ಸಲ ವಿನ್ಸ್ ಹೊಸದಾಗಿ ಚಾಲೂ ಮಾಡುವುದರಿಂದ ಬಾಕಿ ಸೊನ್ನೆಯಿಂದ ಶುರುವಾಗುತ್ತದೆ, ಹಾಗಾಗಿ ಪ್ರತಿ ಸಲವೂ ಮೊದಲ 20 ಸೆಕೆಂಡು ಚೆನ್ನಾಗಿರುತ್ತದೆ.

ಈಗ ನಿಮ್ಮ ಪೈಥಾನ್ ಸ್ಕ್ರಿಪ್ಟ್ ತೆರೆಯಿರಿ. ಮಾವ್‌ರೋಸ್‌ಗೆ ಸಂದೇಶ ಕಳಿಸುವಾಗ ಸಮಯದ ಮುದ್ರೆಯಲ್ಲಿ ಏನು ಹಾಕಿದ್ದೀರಿ? ಮಾದರಿ ಕೋಡ್‌ಗಳಲ್ಲಿ ಬಹುತೇಕ ‘ಈಗಿನ ಸಮಯ’ ಹಾಕಿರುತ್ತಾರೆ. ಅದು ತಪ್ಪು. ಅಲ್ಲಿ ಇರಬೇಕಾದದ್ದು ಕ್ಯಾಮೆರಾ ಆ ಚಿತ್ರ ತೆಗೆದ ಸಮಯ. ವಿನ್ಸ್ ತನ್ನ ಸಂದೇಶದ ತಲೆಯಲ್ಲಿ ಆ ಸಮಯವನ್ನು ಕೊಟ್ಟೇ ಇರುತ್ತದೆ, ಅದನ್ನು ಹಾಗೆಯೇ ದಾಟಿಸಿದರೆ ಸಾಕು. ಪಿಎಕ್ಸ್4ನಲ್ಲಿ ಸ್ಥಾನ ಅಂದಾಜು ಮಾಡುವ ಇಕೆಎಫ್2 ಎಂಬ ಭಾಗ ಹಿಂದಿನ ಅಳತೆಗಳನ್ನು ಕೂಡಿಟ್ಟುಕೊಂಡು, ತಡವಾಗಿ ಬಂದ ಸ್ಥಾನವನ್ನು ಅದು ಸೇರಬೇಕಾದ ಕ್ಷಣಕ್ಕೇ ಸೇರಿಸಿ, ಅಲ್ಲಿಂದ ಈ ಕ್ಷಣದವರೆಗೆ ಐಎಂಯು ಬಳಸಿ ಮುಂದಕ್ಕೆ ಎಳೆಯುತ್ತದೆ. ಹಾಗಾಗಿ ಅದಕ್ಕೆ ಗೊತ್ತಿರುವ ವಿಳಂಬ ದೊಡ್ಡ ತೊಂದರೆಯಲ್ಲ. ಹಳೆಯ ಸ್ಥಾನಕ್ಕೆ ಹೊಸ ಸಮಯ ಅಂಟಿಸಿ ಕೊಟ್ಟರೆ ಮಾತ್ರ ಅದು ನಂಬಿ ಮೋಸ ಹೋಗುತ್ತದೆ. ಸಮಯ ಸರಿಯಾಗಿ ಕೊಟ್ಟ ಮೇಲೂ ಒಂದು ಮಿತಿ ಇದೆ: ಹೊಸ ಆವೃತ್ತಿಗಳಲ್ಲಿ ಇಕೆಎಫ್2_ಡಿಲೇ_ಮ್ಯಾಕ್ಸ್ ಎಂಬ ಅಂಕಿ ಮೊದಲಿಗೆ 200 ಮಿಲಿಸೆಕೆಂಡ್ ಇರುತ್ತದೆ. ಅದಕ್ಕಿಂತ ಹಳೆಯದು ಬಂದರೆ ಉಪಯೋಗಕ್ಕಿಲ್ಲ. ಆದ್ದರಿಂದ ಸಮಯದ ಮುದ್ರೆಯನ್ನೂ ಸರಿಪಡಿಸಬೇಕು, ಬಾಕಿಯನ್ನೂ ಕರಗಿಸಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಆಗದು.

ಸಮಯದ ತಪ್ಪು ಎಷ್ಟು ದೊಡ್ಡ ಯಂತ್ರವನ್ನೂ ಬಿಡುವುದಿಲ್ಲ. ಮಂಗಳನ ಮೇಲೆ ಹಾರಿದ ನಾಸಾದ ಇಂಜೆನ್ಯುಯಿಟಿ ಹೆಲಿಕಾಪ್ಟರ್ 2021ರ ಮೇ 22ರ ಆರನೆಯ ಹಾರಾಟದಲ್ಲಿ, ಸುಮಾರು 54ನೇ ಸೆಕೆಂಡಿಗೆ, ಕ್ಯಾಮೆರಾದಿಂದ ಬರಬೇಕಿದ್ದ ಒಂದೇ ಒಂದು ಚಿತ್ರ ಕಳೆದುಹೋಯಿತು. ಅಲ್ಲಿಂದ ಮುಂದಿನ ಎಲ್ಲ ಚಿತ್ರಗಳಿಗೂ ತಪ್ಪು ಸಮಯ ಅಂಟಿತು. ಹೆಲಿಕಾಪ್ಟರ್ 20 ಡಿಗ್ರಿಗೂ ಹೆಚ್ಚು ವಾಲುತ್ತಾ ಓಲಾಡಿತು. ಇಳಿಯುವ ಕೊನೆಯ ಹಂತದಲ್ಲಿ ಕ್ಯಾಮೆರಾವನ್ನು ಬಿಟ್ಟು ಇಳಿಯುವಂತೆ ವಿನ್ಯಾಸ ಮಾಡಿದ್ದರಿಂದ, ಗುರಿಯಿಂದ ಸುಮಾರು 5 ಮೀಟರ್ ಒಳಗೆ ಸುರಕ್ಷಿತವಾಗಿ ನೆಲ ಮುಟ್ಟಿತು. ನಿಮ್ಮ ಡ್ರೋನ್ ಮಾಡುತ್ತಿರುವುದಕ್ಕೂ ಅದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ.

ಬಾಕಿ ಕರಗಿಸುವುದು ಹೇಗೆ? ಮೊದಲು ಅಳೆಯಿರಿ. ಪ್ರೊಪೆಲ್ಲರ್ ಬಿಚ್ಚಿಟ್ಟು, ಡ್ರೋನನ್ನು ಕೈಯಲ್ಲಿ ಹಿಡಿದು ಐದು ನಿಮಿಷ ಸಭಾಂಗಣದಲ್ಲಿ ಓಡಾಡಿ. ಈಗಿನ ಸಮಯದಿಂದ ಸಂದೇಶದ ಸಮಯವನ್ನು ಕಳೆದು ಪ್ರತಿ ಸಂದೇಶಕ್ಕೂ ಫೈಲಿಗೆ ಬರೆಸಿ. ಆ ಅಂಕಿ 60-80 ಮಿಲಿಸೆಕೆಂಡ್‌ನಲ್ಲಿ ನಿಂತಿದ್ದರೆ ಒಳ್ಳೆಯದು. ಏರುತ್ತಾ ಹೋದರೆ ನಿಮ್ಮ ರೋಗ ಸಿಕ್ಕಿತು. ಅದೇ ಹೊತ್ತಿಗೆ ಪೈಯ ತಾಪಮಾನ ಮತ್ತು ಥ್ರಾಟಲ್ ಸ್ಥಿತಿಯನ್ನೂ ಬರೆಸಿ: 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಪೈ 4 ತಾನೇ ವೇಗ ಇಳಿಸುತ್ತದೆ. 5 ವೋಲ್ಟ್ ಸಾಲು ಸುಮಾರು 4.63 ವೋಲ್ಟ್‌ಗಿಂತ ಕೆಳಗೆ ಕುಸಿದರೂ ಕಡಿಮೆ ವೋಲ್ಟೇಜ್ ಎಂದು ಗುರುತು ಹಾಕಿ ನಿಧಾನವಾಗುತ್ತದೆ. ಪೈ ಮತ್ತು ಕ್ಯಾಮೆರಾಗೆ ಕನಿಷ್ಠ 5 ಆಂಪಿಯರ್ ಕೊಡುವ ಪ್ರತ್ಯೇಕ ಬಿಇಸಿ (ಬ್ಯಾಟರಿಯ ವೋಲ್ಟೇಜನ್ನು 5 ವೋಲ್ಟ್‌ಗೆ ಇಳಿಸುವ ಸರ್ಕ್ಯೂಟ್) ಇರಲಿ, ಪಿಕ್ಸ್‌ಹಾಕ್‌ನ ಸಾಲಿನಿಂದ ಕೊಡಬೇಡಿ.

ಆಮೇಲೆ ಕೆಲಸ ಇಳಿಸಿ. ಚಿತ್ರ 640×480 ಸಾಕು. ಗುರುತುಗಳ ಗರಿಷ್ಠ ಸಂಖ್ಯೆಯನ್ನು 150ರಿಂದ 90-100ಕ್ಕೆ ತನ್ನಿ. ಹಿಂದೆ ನೋಡಿದ ಜಾಗವನ್ನು ಗುರುತಿಸಿ ನಕ್ಷೆ ತಿದ್ದುವ ಲೂಪ್ ಕ್ಲೋಷರ್ ಭಾಗವನ್ನು ಪೂರ್ತಿ ನಿಲ್ಲಿಸಿ. ಅದು ಕೆಲಸ ತಿನ್ನುವುದಷ್ಟೇ ಅಲ್ಲ, ಹಳೆಯ ಜಾಗ ಗುರುತಿಸಿದಾಗ ಸ್ಥಾನವನ್ನು ಒಮ್ಮೆಲೇ ಜಿಗಿಸುತ್ತದೆ. ಜಿಗಿಯುವ ಸ್ಥಾನವನ್ನು ಫ್ಲೈಟ್ ಕಂಟ್ರೋಲರ್‌ಗೆ ಎಂದೂ ಕೊಡಬಾರದು. ನಕ್ಷೆ ಮಾಡಲು ಅದು ಒಳ್ಳೆಯದು, ಹಾರಲು ಅಲ್ಲ. ಪರದೆಯಲ್ಲಿ ಗೆರೆ ತೋರಿಸುವ ಕಿಟಕಿಯನ್ನು ಪೈ ಮೇಲೆ ಓಡಿಸುತ್ತಿದ್ದರೆ ಅದನ್ನೂ ಲ್ಯಾಪ್‌ಟಾಪ್‌ಗೆ ಸಾಗಿಸಿ. ಇಷ್ಟಾದರೂ ಸಾಲದಿದ್ದರೆ ಎರಡು ದಾರಿ: ಡೆಲವೇರ್ ವಿಶ್ವವಿದ್ಯಾಲಯದ ಓಪನ್‌ವಿನ್ಸ್‌ಗೆ ಬದಲಾಗುವುದು, ಅದು ಫಿಲ್ಟರ್ ವಿಧಾನದ್ದು, ಸಣ್ಣ ಕಂಪ್ಯೂಟರ್‌ಗೆ ಹಗುರ, ಇಲ್ಲವೇ ಪೈ 5 ಕೊಳ್ಳುವುದು. ಪೈ 5 ಹಣದಿಂದ ಬಗೆಹರಿಯುವ ದಾರಿ, ಓಪನ್‌ವಿನ್ಸ್ ಒಂದೆರಡು ವಾರದ ಕೆಲಸದಿಂದ ಬಗೆಹರಿಯುವ ದಾರಿ. ನಾಲ್ಕು ತಿಂಗಳಿರುವ ತಂಡಕ್ಕೆ ನನ್ನ ಸಲಹೆ ಮೊದಲು ಪೈ 5, ಅದೂ ಫ್ಯಾನ್ ಸಮೇತ.

ಇನ್ನೊಂದು ಸೂಕ್ಷ್ಮ. ವಿನ್ಸ್‌ನ ‘ಓಡೋಮೆಟ್ರಿ’ ಸಂದೇಶ ಚಿತ್ರದ ದರದಲ್ಲಿ, ಅಂದರೆ 10-15 ಹರ್ಟ್ಜ್‌ನಲ್ಲಿ ಬರುತ್ತದೆ. ಪಿಎಕ್ಸ್4ಗೆ 30ರಿಂದ 50 ಹರ್ಟ್ಜ್ ಬೇಕು. ‘ಐಎಂಯು ಪ್ರೊಪಗೇಟ್’ ಎಂಬ ಇನ್ನೊಂದು ಸಂದೇಶ ಐಎಂಯುವಿನ ದರದಲ್ಲಿ ಬರುತ್ತದೆ. ಅದನ್ನು 40 ಹರ್ಟ್ಜ್‌ಗೆ ಇಳಿಸಿ ಕಳಿಸಿ.

ಉಳಿದ ವಿಳಂಬವನ್ನು ಅಳೆಯಲು ಪ್ರೊಪೆಲ್ಲರ್ ಇಲ್ಲದ ಡ್ರೋನನ್ನು ಕೈಯಲ್ಲಿ ಹಿಡಿದು, ಸೆಕೆಂಡಿಗೆ ಎರಡು ಸಲದಂತೆ ಎಡಕ್ಕೆ ಬಲಕ್ಕೆ 30 ಡಿಗ್ರಿ ತಿರುಗಿಸಿ. ಲಾಗ್‌ನಲ್ಲಿ ಪಿಕ್ಸ್‌ಹಾಕ್ ಜೈರೊದ ತಿರುಗುವ ವೇಗ ಮತ್ತು ವಿನ್ಸ್ ಹೇಳುವ ತಿರುಗುವ ವೇಗ ಎರಡನ್ನೂ ಒಂದರ ಮೇಲೊಂದು ಬಿಡಿಸಿ. ಶಿಖರದಿಂದ ಶಿಖರಕ್ಕೆ ಇರುವ ಅಂತರವೇ ವಿಳಂಬ. ಅದನ್ನು ಇಕೆಎಫ್2_ಇವಿ_ಡಿಲೇ ಅಂಕಿಯಲ್ಲಿ ಹಾಕಿ. 10 ಮಿಲಿಸೆಕೆಂಡ್‌ವರೆಗಿನ ತಪ್ಪು ನಡೆಯುತ್ತದೆ.

ಹೆಡಿಂಗ್

ಸಭಾಂಗಣದ ಕಾಂಕ್ರೀಟಿನೊಳಗೆ ಕಂಬಿ ಇದೆ, ಕುರ್ಚಿಗಳ ಕಾಲು ಕಬ್ಬಿಣದ್ದು. ಅಲ್ಲಿ ದಿಕ್ಸೂಚಿ ಜಾಗ ಬದಲಾದಂತೆ ಬೇರೆ ಬೇರೆ ದಿಕ್ಕು ಹೇಳುತ್ತದೆ. ಡ್ರೋನ್ ಸ್ವಲ್ಪ ಸರಿದರೆ ಹೆಡಿಂಗ್ ತಪ್ಪುತ್ತದೆ, ಹೆಡಿಂಗ್ ತಪ್ಪಿದ್ದರಿಂದ ಇನ್ನಷ್ಟು ಸರಿಯುತ್ತದೆ. ಒಳಗೆ ಹಾರುವಾಗ ದಿಕ್ಸೂಚಿಯನ್ನು ಪೂರ್ತಿ ಬಿಡಿ: ಪಿಎಕ್ಸ್4ನ 1.14 ಮತ್ತು ನಂತರದ ಆವೃತ್ತಿಗಳಲ್ಲಿ ಇಕೆಎಫ್2_ಮ್ಯಾಗ್_ಟೈಪ್ ಅನ್ನು ‘ಯಾವುದೂ ಬೇಡ’ ಎಂಬ 5ಕ್ಕೆ, ಇಕೆಎಫ್2_ಇವಿ_ಸಿಟಿಆರ್‌ಎಲ್ ಅನ್ನು 15ಕ್ಕೆ, ಇಕೆಎಫ್2_ಜಿಪಿಎಸ್_ಸಿಟಿಆರ್‌ಎಲ್ ಅನ್ನು 0ಗೆ ಇಡಿ. 15 ಎಂದರೆ ಅಡ್ಡ ಸ್ಥಾನ, ಎತ್ತರ, ವೇಗ, ಹೆಡಿಂಗ್ ನಾಲ್ಕನ್ನೂ ಕ್ಯಾಮೆರಾದಿಂದ ತೆಗೆದುಕೋ ಎಂದು.

ಅಕ್ಷಗಳ ಗೊಂದಲವೂ ಇಲ್ಲೇ ನುಸುಳುತ್ತದೆ. ನಿಮ್ಮ ವಿನ್ಸ್, ಮಾವ್‌ರೋಸ್ ಓಡುವ ರೋಸ್ ಎಂಬ ರೊಬೋಟ್ ಸಾಫ್ಟ್‌ವೇರ್ ಜಗತ್ತಿನಲ್ಲಿ ಝೆಡ್ ಅಕ್ಷ ಮೇಲಕ್ಕೆ, ಪಿಎಕ್ಸ್4ನಲ್ಲಿ ಕೆಳಕ್ಕೆ. ಮಾವ್‌ರೋಸ್ ಈ ಬದಲಾವಣೆಯನ್ನು ತಾನೇ ಮಾಡುತ್ತದೆ. ನಿಮ್ಮ ಸ್ಕ್ರಿಪ್ಟ್ ಕೂಡ ಮಾಡಿದರೆ ಎರಡು ಸಲ ತಿರುಗಿಸಿದಂತಾಗುತ್ತದೆ. ಪರೀಕ್ಷೆ ಸುಲಭ: ಡ್ರೋನನ್ನು ಕೈಯಲ್ಲಿ ಹಿಡಿದು ಮೂತಿ ಇರುವ ಕಡೆಗೆ 2 ಮೀಟರ್, ಬಲಕ್ಕೆ 1 ಮೀಟರ್, ಮೇಲಕ್ಕೆ ಅರ್ಧ ಮೀಟರ್ ಸರಿಸಿ. ಪಿಕ್ಸ್‌ಹಾಕ್‌ನ ಸ್ಥಳೀಯ ಸ್ಥಾನದಲ್ಲಿ ಎತ್ತರದ ಅಂಕಿ −0.5 ಆಗಬೇಕು. ಹೆಡಿಂಗ್ ಸೊನ್ನೆ ಇದ್ದಾಗ ಎಕ್ಸ್ 2, ವೈ 1 ಆಗಬೇಕು. ಕ್ಯಾಮೆರಾ ಡ್ರೋನಿನ ಮಧ್ಯದಿಂದ ಎಷ್ಟು ಮುಂದಿದೆ ಎಂಬ ಅಳತೆಯನ್ನೂ ಸೆಂಟಿಮೀಟರ್ ಮಟ್ಟಕ್ಕೆ ತುಂಬಿ.

ಮೋಟರ್ ತಿರುಗಿದಾಗ ಮಾತ್ರ ಬರುವ ತೊಂದರೆಗಳು

ಕೈಯಲ್ಲಿ ಹಿಡಿದಾಗ ಇಲ್ಲದ, ಹಾರಿದಾಗ ಇರುವ ಇನ್ನೊಂದು ವಸ್ತು ಕಂಪನ. 10 ಇಂಚಿನ ಪ್ರೊಪೆಲ್ಲರ್ ಹೋವರ್‌ನಲ್ಲಿ, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಂತಾಗ, ನಿಮಿಷಕ್ಕೆ 5,700 ಸುತ್ತು ತಿರುಗಿದರೆ 95 ಹರ್ಟ್ಜ್. ಎರಡು ರೆಕ್ಕೆ ಇರುವುದರಿಂದ 190 ಹರ್ಟ್ಜ್ ಕೂಡ ಇರುತ್ತದೆ. ಡಿ435ಐ ಒಳಗಿನ ಜೈರೊವನ್ನು 200 ಹರ್ಟ್ಜ್‌ನಲ್ಲಿ ಓದಿದರೆ ಆ 190 ಹರ್ಟ್ಜ್ ಕಂಪನ 10 ಹರ್ಟ್ಜ್‌ನ ನಿಜವಾದ ಚಲನೆಯಂತೆ ವೇಷ ಹಾಕಿ ಬರುತ್ತದೆ. ಚಿಪ್‌ನ ಫಿಲ್ಟರ್ ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ಜೈರೊವನ್ನು 400 ಹರ್ಟ್ಜ್‌ಗೆ, ಆಕ್ಸೆಲೆರೊಮೀಟರನ್ನು 250ಕ್ಕೆ ಇಡಿ.

ಇನ್ನು ಕಟ್ಟುವ ರೀತಿ. ಕ್ಯಾಮೆರಾ ಮತ್ತು ಅದು ಬಳಸುವ ಐಎಂಯು ಎರಡರ ನಡುವೆ ಎಳ್ಳಷ್ಟೂ ಸಡಿಲ ಇರಬಾರದು. ಡಿ435ಐಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿವೆ, ಹಾಗಾಗಿ ಅದರದೇ ಐಎಂಯು ಬಳಸಿ. ಪಿಕ್ಸ್‌ಹಾಕ್‌ನದನ್ನು ತಂದು ಸೇರಿಸಬೇಡಿ. ಡಬ್ಬಿಯನ್ನು ಫ್ರೇಮಿಗೆ ಸಿಲಿಕಾನ್ ಗುಂಡುಗಳ ಮೇಲೆ ಕೂರಿಸಬಹುದು. ಆದರೆ ಕ್ಯಾಮೆರಾದ ತೂಕ ಬರೀ 70 ಗ್ರಾಂ ಆಸುಪಾಸು. ಅಷ್ಟು ಹಗುರಕ್ಕೆ ಗಟ್ಟಿ ಗುಂಡು ಹಾಕಿದರೆ ಏನೂ ತಡೆಯುವುದಿಲ್ಲ, ಕೆಲವೊಮ್ಮೆ ಕಂಪನ ಹೆಚ್ಚಾಗುತ್ತದೆ. ತಟ್ಟೆಗೆ 40-60 ಗ್ರಾಂ ಉಕ್ಕಿನ ಪಟ್ಟಿ ಸೇರಿಸಿ, ಮೆತ್ತನೆಯ ಗುಂಡು ಹಾಕಿ, ಸ್ವಾಭಾವಿಕ ಆವೃತ್ತಿ 25-35 ಹರ್ಟ್ಜ್ ಬರುವಂತೆ ನೋಡಿ. ಆಮೇಲೆ ಎಲ್ಲರೂ ಮರೆಯುವ ವಸ್ತು: ಯುಎಸ್‌ಬಿ 3 ಕೇಬಲ್. ಅದು ಬಿಗಿಯಾಗಿದ್ದರೆ ಗುಂಡುಗಳನ್ನು ದಾಟಿ ಕಂಪನವನ್ನು ನೇರ ಕ್ಯಾಮೆರಾಗೆ ಒಯ್ಯುತ್ತದೆ. ಬಳುಕುವ ಕೇಬಲನ್ನು ಅಂಗೈಯಗಲದ ಸುತ್ತು ಬಿಟ್ಟು, ತಟ್ಟೆಗೆ ಒಂದು ಕಡೆ, ಫ್ರೇಮಿಗೆ ಒಂದು ಕಡೆ ಕಟ್ಟಿ. ಯುಎಸ್‌ಬಿ 3 ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಜ್‌ನ ರಿಮೋಟ್ ರಿಸೀವರ್‌ಗೂ ತೊಡಕು ಮಾಡುತ್ತದೆ, ಆಂಟೆನಾವನ್ನು ಆ ಕೇಬಲಿನಿಂದ ದೂರ ಇಡಿ.

ಪಿಕ್ಸ್‌ಹಾಕ್ ಲಾಗ್‌ನಲ್ಲಿ ಕಚ್ಚಾ ವೇಗೋತ್ಕರ್ಷದ ಗ್ರಾಫ್ ತೆಗೆಯಿರಿ. ಹೋವರ್‌ನಲ್ಲಿ ಝೆಡ್‌ನ ಪಟ್ಟೆ ಎಕ್ಸ್-ವೈ ಪಟ್ಟೆಗಳನ್ನು ಮುಟ್ಟುತ್ತಿದ್ದರೆ ಕಂಪನ ಮಿತಿ ಮೀರಿದೆ. ಆಗ ಪ್ರೊಪೆಲ್ಲರ್ ಸಮತೋಲನ, ಮೋಟರ್ ಸ್ಕ್ರೂ, ಫ್ರೇಮಿನ ತೋಳಿನ ಬಿರುಕು ಈ ಮೂರನ್ನು ಮೊದಲು ನೋಡಿ. ಗೋಡೆಗೆ ಬಡಿದ ಡ್ರೋನಿನ ಪ್ರೊಪೆಲ್ಲರ್ ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸಿ.

ಬೆಳಕಿನ ವಿಷಯಕ್ಕೆ ಬಂದರೆ, ಡಿ435ಐ ಮುಂದೆ ಇನ್‌ಫ್ರಾರೆಡ್ ಚುಕ್ಕಿ ಎರಚುವ ಪ್ರೊಜೆಕ್ಟರ್ ಇದೆ. ಆಳದ ಚಿತ್ರಕ್ಕೆ ಅದು ಬೇಕು, ಚಲನೆಯ ಲೆಕ್ಕಕ್ಕೆ ಅದು ವಿಷ. ಚುಕ್ಕಿಗಳು ಡ್ರೋನ್ ಜೊತೆಯೇ ಸರಿಯುವುದರಿಂದ ‘ನಾನು ಅಲ್ಲಾಡಿಲ್ಲ’ ಎಂದು ವಿನ್ಸ್ ನಂಬುತ್ತದೆ. ಮಂದ ಬೆಳಕಿನ ಸಭಾಂಗಣದಲ್ಲಿ ಚುಕ್ಕಿಗಳೇ ಎದ್ದು ಕಾಣುತ್ತವೆ. ಪ್ರೊಜೆಕ್ಟರ್ ಆರಿಸಿ. ಬಣ್ಣದ ಕ್ಯಾಮೆರಾವನ್ನೂ ಬಳಸಬೇಡಿ, ಅದು ಚಿತ್ರವನ್ನು ಸಾಲುಸಾಲಾಗಿ ತೆಗೆಯುವ ರೋಲಿಂಗ್ ಶಟರ್‌ನದು. ಎರಡು ಇನ್‌ಫ್ರಾರೆಡ್ ಕ್ಯಾಮೆರಾಗಳು ಇಡೀ ಚಿತ್ರವನ್ನು ಒಮ್ಮೆಲೇ ತೆಗೆಯುವ ಗ್ಲೋಬಲ್ ಶಟರ್‌ನವು, ಅವೇ ಬೇಕು.

ಎಕ್ಸ್‌ಪೋಷರ್ ಅನ್ನು ಸ್ವಯಂಚಾಲಿತಕ್ಕೆ ಬಿಟ್ಟರೆ ಕತ್ತಲಲ್ಲಿ 20 ಮಿಲಿಸೆಕೆಂಡ್ ದಾಟುತ್ತದೆ. ಫೋಕಲ್ ಉದ್ದ ಸುಮಾರು 385 ಪಿಕ್ಸೆಲ್. ಡ್ರೋನ್ ಸೆಕೆಂಡಿಗೆ 1 ರೇಡಿಯನ್ ತಿರುಗಿದರೆ 20 ಮಿಲಿಸೆಕೆಂಡಿನಲ್ಲಿ 7-8 ಪಿಕ್ಸೆಲ್ ಮಸುಕು. ಗುರುತುಗಳು ಹಿಡಿತಕ್ಕೆ ಸಿಗುವುದಿಲ್ಲ. ಹಾಗೆಂದು 3 ಮಿಲಿಸೆಕೆಂಡ್‌ಗೆ ಇಳಿಸಿದರೆ ಬೇರೆ ತೊಂದರೆ: ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಚಿತ್ರದಿಂದ ಚಿತ್ರಕ್ಕೆ ಹೊಳಪು ಬದಲಾಗುತ್ತದೆ. ಸರಿಯಾಗಿ 10 ಮಿಲಿಸೆಕೆಂಡ್ ಇಟ್ಟರೆ ಒಂದು ಮಿನುಗು ಪೂರ್ತಿ ಒಳಗೊಳ್ಳುವುದರಿಂದ ಹೊಳಪು ಸಮ ಇರುತ್ತದೆ, ಮಸುಕು 4 ಪಿಕ್ಸೆಲ್‌ಗೆ ಇಳಿಯುತ್ತದೆ. ತಿರುಗುವ ವೇಗವನ್ನು ಸೆಕೆಂಡಿಗೆ 45 ಡಿಗ್ರಿಗೆ ಮಿತಿ ಮಾಡಿ, ಎರಡು ಫ್ಲಡ್‌ಲೈಟ್ ತಂದು ಚಾವಣಿಗೆ ಹಾಯಿಸಿ. ಇನ್‌ಫ್ರಾರೆಡ್ ಅಂಶ ಇರುವ ಹ್ಯಾಲೊಜೆನ್ ಆದರೆ ಇನ್ನೂ ಒಳ್ಳೆಯದು.

ಬರಿಯ ಸುಣ್ಣದ ಗೋಡೆ, ಹೊಳೆಯುವ ಗ್ರಾನೈಟ್ ನೆಲ ಇದ್ದರೆ ಗುರುತುಗಳೇ ಇರುವುದಿಲ್ಲ. ಇಂಜೆನ್ಯುಯಿಟಿಯ 72ನೆಯ ಮತ್ತು ಕೊನೆಯ ಹಾರಾಟ 2024ರ ಜನವರಿ 18ರಂದು ಮುಗಿದದ್ದು ಇಂಥ ಜಾಗದಲ್ಲೇ: ಗುರುತು ಹಿಡಿಯಲು ಕಲ್ಲುಗಳಿಲ್ಲದ ನುಣುಪು ಮರಳಿನ ಅಲೆಗಳ ಮೇಲೆ ಅಡ್ಡ ವೇಗದ ಅಂದಾಜು ತಪ್ಪಿತು, ಜೋರಾಗಿ ನೆಲಕ್ಕೆ ಬಡಿದು ರೆಕ್ಕೆಗಳು ಮುರಿದವು. ನಿಮಗೆ ಪರಿಹಾರ ಅಗ್ಗ. ಹಳೆಯ ದಿನಪತ್ರಿಕೆಗಳನ್ನು ಗೋಡೆಗೂ ನೆಲಕ್ಕೂ ಓರೆಕೋರೆಯಾಗಿ ಅಂಟಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ. ಟೇಪ್ ಸಡಿಲವಾದರೆ ಪ್ರೊಪೆಲ್ಲರ್ ಗಾಳಿಗೆ ಹಾಳೆ ಏಳುತ್ತದೆ.

ಕ್ಯಾಲಿಬ್ರೇಷನ್ ಬಗ್ಗೆ ಚುಟುಕಾಗಿ: ಇಟಿಎಚ್ ಜ್ಯೂರಿಕ್‌ನ ಕ್ಯಾಲಿಬರ್ ಉಪಕರಣ ಬಳಸಿ. ಏಪ್ರಿಲ್‌ಗ್ರಿಡ್ (ಕಪ್ಪು-ಬಿಳಿ ಚೌಕ ಗುರುತುಗಳ) ಹಾಳೆಯನ್ನು ಗಾಜು ಅಥವಾ ಎಸಿಪಿ ಶೀಟಿಗೆ ಗುಳ್ಳೆ ಏಳದಂತೆ ಅಂಟಿಸಿ, ಚೌಕದ ಅಳತೆಯನ್ನು ವರ್ನಿಯರ್‌ನಲ್ಲಿ ಅಳೆದು ತುಂಬಿ. ಪ್ರಿಂಟರ್‌ಗಳು ಅಳತೆ ತಪ್ಪುತ್ತವೆ. ಮೂರೂ ಅಕ್ಷಗಳಲ್ಲಿ ಸರಿಸುತ್ತಾ, ತಿರುಗಿಸುತ್ತಾ ಒಂದೂವರೆ ನಿಮಿಷ ದಾಖಲಿಸಿ. ಮರುಪ್ರಕ್ಷೇಪದ ತಪ್ಪು ಅರ್ಧ ಪಿಕ್ಸೆಲ್‌ಗಿಂತ ಕಡಿಮೆ ಬರಬೇಕು. ಐಎಂಯು ಗದ್ದಲದ ಅಂಕಿಗಳನ್ನು ಮೇಜಿನ ಮೇಲಿಟ್ಟು ಅಳೆದಿದ್ದರೆ, ಹಾರಾಟಕ್ಕೆ ಅವನ್ನು 5-10 ಪಟ್ಟು ಹೆಚ್ಚಿಸಿ.

ಲೈಡಾರ್, ಮೋಷನ್ ಕ್ಯಾಪ್ಚರ್, ಡೀಪ್ ಲರ್ನಿಂಗ್

ಗೈಡ್ ಸರ್ ಹೇಳುವುದರಲ್ಲಿ ತಪ್ಪಿಲ್ಲ. ಮೂರು ಆಯಾಮದ ಲೈಡಾರ್ ಕತ್ತಲೆಗೆ ಹೆದರುವುದಿಲ್ಲ, ಕುರ್ಚಿ ಸಾಲುಗಳಿರುವ ಸಭಾಂಗಣದಲ್ಲಿ ಬಹಳ ಚೆನ್ನಾಗಿ ಹಿಡಿಯುತ್ತದೆ. ಆದರೆ ಲಿವಾಕ್ಸ್ ಮಿಡ್-360 ಒಂದೇ 265 ಗ್ರಾಂ, ಬೆಲೆ ನಿಮ್ಮ ಹಣಕ್ಕೆ ಮೀರಿದ್ದು, ಅದರ ಲೆಕ್ಕಕ್ಕೂ ಇದೇ ಪೈ ಸಾಲದು. ಎರಡು ಆಯಾಮದ ಅಗ್ಗದ್ದು ತಂದರೆ ಡ್ರೋನ್ ವಾಲಿದಾಗ ನೆಲವನ್ನೇ ಗೋಡೆ ಎಂದು ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಸಮಯದ ಮುದ್ರೆ ತಪ್ಪಿದ್ದರೆ ಲೈಡಾರ್ ತಂದರೂ ಡ್ರೋನ್ ಸುತ್ತು ಹಾಕುತ್ತದೆ.

ಮೋಷನ್ ಕ್ಯಾಪ್ಚರ್ ಬಗ್ಗೆ ವಿದ್ಯಾರ್ಥಿಗಳಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ರಾಸ್ಪ್ ಲ್ಯಾಬ್, ಇಟಿಎಚ್ ಜ್ಯೂರಿಕ್‌ನ ಫ್ಲೈಯಿಂಗ್ ಮೆಷಿನ್ ಅರೀನಾ ಇವುಗಳ 2010ರ ಆಸುಪಾಸಿನ ಬೆರಗಿನ ವಿಡಿಯೊಗಳಲ್ಲಿ ಡ್ರೋನಿಗೆ ಸ್ಥಾನ ಹೇಳುತ್ತಿದ್ದದ್ದು ಗೋಡೆಯ ಕ್ಯಾಮೆರಾಗಳೇ. ಅಲ್ಲಿನ ಸಂಶೋಧನೆ ನಿಯಂತ್ರಣದ ಬಗ್ಗೆ ಇತ್ತು. ನಿಮ್ಮ ಪ್ರಶ್ನೆ ಡ್ರೋನ್ ತನ್ನ ಸ್ಥಾನವನ್ನು ತಾನೇ ತಿಳಿಯುವುದರ ಬಗ್ಗೆ. ನಿಮಗೆ ಅದು ಬೇಕಾಗುವುದು ತಾಳೆ ನೋಡಲು ಮಾತ್ರ. ಅದಕ್ಕೆ 20 ಸೆಂ.ಮೀ. ಗಾತ್ರದ ಏಪ್ರಿಲ್‌ಟ್ಯಾಗ್ ಎಂಬ ಕಪ್ಪು-ಬಿಳಿ ಗುರುತಿನ ಚೌಕಗಳನ್ನು ನೆಲದ ಮೇಲೆ 2 ಮೀಟರಿಗೊಂದರಂತೆ ಟೇಪಿನಲ್ಲಿ ಅಳೆದು ಅಂಟಿಸಿ, ಕೆಳಮುಖದ ಸಣ್ಣ ಕ್ಯಾಮೆರಾದಿಂದ ದಾಖಲಿಸಿ ಆಮೇಲೆ ಹೋಲಿಸಿದರೆ ಸಾಕು. ನಡೆದ ದಾರಿಯ ನೂರಕ್ಕೆ ಒಂದರಷ್ಟು ತಪ್ಪು ಬಂದರೆ ನಿಮ್ಮ ಮಟ್ಟಕ್ಕೆ ಉತ್ತಮ ಫಲಿತಾಂಶ.

ಡೀಪ್ ಲರ್ನಿಂಗ್ ಹೆಸರನ್ನು ನೀವು ತೆಗೆದಿಲ್ಲ, ವೈವಾದಲ್ಲಿ ಯಾರಾದರೂ ಖಂಡಿತ ತೆಗೆಯುತ್ತಾರೆ. ಜ್ಯೂರಿಕ್ ವಿಶ್ವವಿದ್ಯಾಲಯದ ಸ್ವಿಫ್ಟ್ 2023ರಲ್ಲಿ ಮಾನವ ಚಾಂಪಿಯನ್‌ಗಳನ್ನು ರೇಸಿನಲ್ಲಿ ಸೋಲಿಸಿತು. ಅದರಲ್ಲೂ ಕಲಿತ ಜಾಲ ನಿರ್ಧಾರ ಮಾಡುತ್ತಿತ್ತು, ಸ್ಥಾನದ ಅಂದಾಜು ಕ್ಯಾಮೆರಾ-ಐಎಂಯು ವಿಧಾನ ಮತ್ತು ಕಾಲ್ಮನ್ ಫಿಲ್ಟರ್‌ನಿಂದಲೇ ಬರುತ್ತಿತ್ತು.

ನಾನು ನಿಜವಾಗಿ ಕೊಳ್ಳಿ ಎನ್ನುವುದು ಕೆಳಮುಖದ ಆಪ್ಟಿಕಲ್ ಫ್ಲೋ ಸೆನ್ಸರ್ (ನೆಲ ಸರಿಯುವುದನ್ನು ನೋಡಿ ಚಲನೆ ಅಳೆಯುವಂಥದ್ದು) ಮತ್ತು ದೂರಮಾಪಕ. ಕೆಲವೇ ಸಾವಿರ ರೂಪಾಯಿ. ಅದು ವೇಗವನ್ನು ತೀರಾ ಕಡಿಮೆ ವಿಳಂಬದಲ್ಲಿ ಹೇಳುತ್ತದೆ. ವಿನ್ಸ್ ಕೈಕೊಟ್ಟರೆ ಡ್ರೋನ್ ನಿಧಾನಕ್ಕೆ ಜಾರುತ್ತದೆಯೇ ಹೊರತು ಓಡಿಹೋಗುವುದಿಲ್ಲ. ಅದಕ್ಕೂ ಬೆಳಕು, ಚಿತ್ತಾರದ ನೆಲ ಬೇಕು. ಸೀನಿಯರ್‌ಗಳು ಸೆಕೆಂಡ್‌ಹ್ಯಾಂಡ್ ಟಿ265 ಕ್ಯಾಮೆರಾ ಕೊಡಿಸುತ್ತೇವೆ ಎಂದರೆ ಬೇಡ ಎನ್ನಿ. ಅದರ ತಯಾರಿಕೆ ನಿಂತಿದೆ, ತಯಾರಕರ ಹೊಸ ಸಾಫ್ಟ್‌ವೇರ್‌ಗಳಲ್ಲಿ (ಎಸ್‌ಡಿಕೆ) ಬೆಂಬಲವೂ ಇಲ್ಲ.

ಮತ್ತೆ ಹಾರಿಸುವಾಗ

ಮೊದಲ ಹಾರಾಟ ಎತ್ತರವನ್ನಷ್ಟೇ ಹಿಡಿಯುವ ಆಲ್ಟಿಟ್ಯೂಡ್ ಮೋಡ್‌ನಲ್ಲಿ, ಎತ್ತರ ಬಾರೋಮೀಟರ್ ಅಥವಾ ದೂರಮಾಪಕದಿಂದ, ಇಕೆಎಫ್2_ಇವಿ_ಸಿಟಿಆರ್‌ಎಲ್ 0 ಇಟ್ಟು: ಕ್ಯಾಮೆರಾದ ಸ್ಥಾನ ಬರೀ ಲಾಗ್ ಆಗಬೇಕು, ನಿಯಂತ್ರಣಕ್ಕೆ ಹೋಗಬಾರದು. ಎರಡು ನಿಮಿಷ ಹಾರಿಸಿ ಇಳಿಸಿ, ವಿಳಂಬದ ಅಂಕಿ ಏರಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲಷ್ಟೇ ಸ್ಥಾನವನ್ನೂ ಹಿಡಿಯುವ ಪೊಸಿಷನ್ ಮೋಡ್, ಹೆಬ್ಬೆರಳು ಆಲ್ಟಿಟ್ಯೂಡ್‌ಗೆ ಮರಳಿಸುವ ಸ್ವಿಚ್ಚಿನ ಮೇಲೆ. ಡ್ರೋನಿನ ಹೊಟ್ಟೆಯ ಮಧ್ಯಕ್ಕೆ 2 ಮೀಟರ್ ನೈಲಾನ್ ದಾರ ಕಟ್ಟಿ, ಇನ್ನೊಂದು ತುದಿಗೆ 5 ಕೆ.ಜಿ. ತೂಕ ಇಡಿ. ದಾರ ಪ್ರೊಪೆಲ್ಲರ್‌ಗೆ ಸಿಕ್ಕದಂತೆ ಮೇಲಿನ ಒಂದು ಅಡಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ. ಪ್ರೊಪೆಲ್ಲರ್ ಗಾರ್ಡ್, ಕಿಲ್ ಸ್ವಿಚ್ ಎರಡೂ ಕಡ್ಡಾಯ. 10 ಇಂಚಿನ ರೆಕ್ಕೆ ಬೆರಳನ್ನು ಮೂಳೆವರೆಗೆ ಕೊಯ್ಯುತ್ತದೆ.

ರಿಮೋಟ್ ಸಂಪರ್ಕ ಕಡಿದರೆ ಏನಾಗಬೇಕು ಎಂಬ ಅಂಕಿಯನ್ನು ‘ಇಳಿ’ ಎಂದು ಇಡಿ. ‘ಮನೆಗೆ ಮರಳು’ ಎಂದಿದ್ದರೆ ಡ್ರೋನ್ ಮೊದಲು ಎತ್ತರಕ್ಕೇರಲು ನೋಡುತ್ತದೆ. ಸಭಾಂಗಣದಲ್ಲಿ ಅಲ್ಲಿರುವುದು ಫ್ಯಾನ್. ಪೈ ಕಂಪ್ಯೂಟರೇ ಆದೇಶ ಕೊಡುವ ಆಫ್‌ಬೋರ್ಡ್ ಮೋಡ್‌ಗೆ ಹೋಗುವಾಗ ಆದೇಶಗಳು ಸೆಕೆಂಡಿಗೆ 2ಕ್ಕಿಂತ ಹೆಚ್ಚು ಬರುತ್ತಲೇ ಇರಬೇಕು, ನಿಂತರೆ ಪಿಎಕ್ಸ್4 ಮೋಡ್ ಬಿಟ್ಟು ಹೊರಬರುತ್ತದೆ. ಅಲ್ಲೂ ‘ಇಳಿ’ ಎಂದೇ ಇಡಿ.

ಹೊರಗೆ ಹಾರಿಸುವಾಗ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಂನಿಂದ 2 ಕೆ.ಜಿ.ವರೆಗಿನದ್ದು ಮೈಕ್ರೊ ವರ್ಗ, ನಿಮ್ಮದು ಅದರಲ್ಲಿ ಬರುತ್ತದೆ. ಸರ್ಕಾರದ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆ ಸಂಶೋಧನೆಗಾಗಿ, ಹಸಿರು ವಲಯದಲ್ಲಿ (ಹಾರಿಸಲು ಮುಂಗಡ ಅನುಮತಿ ಬೇಡದ ಪ್ರದೇಶ), ತನ್ನದೇ ಆವರಣದೊಳಗೆ ಹಾರಿಸಿದರೆ ಟೈಪ್ ಸರ್ಟಿಫಿಕೇಟ್, ವಿಶಿಷ್ಟ ಸಂಖ್ಯೆ, ಪೈಲಟ್ ಪ್ರಮಾಣಪತ್ರಗಳಿಂದ ವಿನಾಯಿತಿ ಇದೆ. ಕಾಲೇಜು ಯಾವ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ, ಪ್ರಾಂಶುಪಾಲರಿಂದ ಲಿಖಿತ ಅನುಮತಿ ಪಡೆದು ಫೈಲಿನಲ್ಲಿಡಿ.

ಹಣ ಖರ್ಚು ಮಾಡುವ ಮೊದಲು ಗೈಡ್ ಸರ್ ಎದುರು ಒಂದೇ ಗ್ರಾಫ್ ಇಡಿ: ಅಡ್ಡಕ್ಕೆ ಸಮಯ, ಉದ್ದಕ್ಕೆ ಸಂದೇಶದ ವಯಸ್ಸು ಮಿಲಿಸೆಕೆಂಡ್‌ಗಳಲ್ಲಿ. ಅದು ಏರುವ ಗೆರೆಯಾಗಿದ್ದರೆ ಲೈಡಾರ್ ಮಾತು ಸದ್ಯಕ್ಕೆ ಬದಿಗಿಟ್ಟು ಪೈ 5, ಫ್ಲೋ ಸೆನ್ಸರ್, ಬಿಇಸಿ, ಎರಡು ಜೊತೆ ಪ್ರೊಪೆಲ್ಲರ್ ತರಿಸಿ. ಗೆರೆ ಅಡ್ಡಕ್ಕೆ ನಿಂತಿದ್ದು, ಸುತ್ತು ಒಂದೇ ಕಡೆಗೆ ತಿರುಗುತ್ತಿದ್ದರೆ ಏನೂ ಕೊಳ್ಳದೆ ಹೆಡಿಂಗ್ ಮತ್ತು ಅಕ್ಷಗಳ ಪರೀಕ್ಷೆಗೆ ಮೊದಲು ಕೂರಿ.